ಒಂಬತ್ತು ಕುಂದುಗಳ ದ್ರಾಕ್ಷಾಸವ

ಮದ್ದೂರಿನ ಪೇಟೆ ಬೀದಿಯಲ್ಲಿದ್ದ ಮರಿಸಿದ್ದಯ್ಯನ ಅಂಗಡಿಯಲ್ಲಿ ಹಿಪ್ಪಲಿ, ಜ್ಯೇಷ್ಠಮಧು, ಅಳಲೆಕಾಯಿ, ಬಜೆ ಎಲ್ಲವೂ ಸಿಗುತ್ತಿದ್ದವು. ಜನ ಬರುತ್ತಿದ್ದದ್ದು ಮಾತ್ರ ಹಿಂದಿನ ಹಲಗೆಯ ಮೇಲೆ ಸಾಲಾಗಿ ನಿಂತ ಕೆಂಪು ಸೀಸೆಗಳಿಗಾಗಿ. ದ್ರಾಕ್ಷಾಸವ. ಒಣದ್ರಾಕ್ಷಿ ಕುದಿಸಿ, ಬೆಲ್ಲ ಬೆರೆಸಿ, ಒಗರಿನ ಧಾತಕಿ ಹೂವು ಹಾಕಿ, ಗಡಿಗೆಯ ಬಾಯಿಗೆ ಬಟ್ಟೆ ಕಟ್ಟಿ ಮಣ್ಣು ಮೆತ್ತಿ, ಭತ್ತದ ಕಣಜದೊಳಗೆ ನಲವತ್ತು ದಿನ ಹೂತಿಟ್ಟು ತೆಗೆದ ಔಷಧಿ. ಔಷಧಿ ಅನ್ನುವುದು ಮುಖ್ಯ. ಬೆಳಿಗ್ಗೆ ಹೆಂಡದಂಗಡಿಯ ಮುಂದೆ ಕೂಗಿ ಗಂಟಲು ಒಣಗಿಸಿಕೊಂಡ ಖಾದಿಯವರೂ ಸಂಜೆ ಇವನ ಅಂಗಡಿಗೆ ಬಂದು, "ಊಟ ಅರಗ್ತಿಲ್ಲ ಕಣಯ್ಯ" ಅಂತ ಎರಡು ಚಮಚ ಕುಡಿದು ಹೋಗುತ್ತಿದ್ದರು. ಆಗಿನ ಮದ್ದೂರಿನಲ್ಲಿ ಅಜೀರ್ಣವಿಲ್ಲದ ಗಂಡಸನ್ನು ಹುಡುಕಬೇಕಿತ್ತು.

ಆಸವ ಮಾಡುತ್ತಿದ್ದದ್ದು ಮೂರು ಮನೆಯವರು, ಮೂರೂ ನಾಟಿ ಔಷಧಿಯ ಹಳೆಯ ಮನೆಗಳು. ಬಸರಾಳಿನದು ಮೆಣಸು ಮುಂದಾದ ಖಾರ. ಕುಡಿದವನಿಗೆ ಯಾರೋ ಬೈದ ಹಾಗಾಗುತ್ತಿತ್ತು. ನಿಡಘಟ್ಟದ್ದು ಬೀಗರ ಮಾತಿನ ಹಾಗೆ ಬರೀ ಸಿಹಿ. ಬಾಯಲ್ಲಿರುವಷ್ಟು ಹೊತ್ತು ಚೆನ್ನ. ಮಳವಳ್ಳಿಯದು ಇವೆರಡರ ಜೊತೆ ಕೂರುವಂಥದ್ದಲ್ಲ. ಮೊದಲು ದ್ರಾಕ್ಷಿಯ ಸಿಹಿ ಬರುತ್ತಿತ್ತು. ಅದು ಹೋದ ಮೇಲೆ ತೆಳ್ಳನೆಯ ಒಗರು. ಅದೂ ಹೋಯಿತು ಅನ್ನುವಾಗ ಮೂಗಿನ ಹಿಂದೆಲ್ಲೋ ಒಂದೆಳೆ ಹೊಗೆ, ದೂರದ ಆಲೆಮನೆಯ ಕಡೆಯಿಂದ ಗಾಳಿ ತಿರುಗಿದ ಹಾಗೆ. ಮರಿಸಿದ್ದಯ್ಯ ಎಲೆ ಅಡಿಕೆ ಹಾಕುತ್ತಿರಲಿಲ್ಲ, ಬೀಡಿ ಸೇದುತ್ತಿರಲಿಲ್ಲ, ಸಾರಿಗೆ ಖಾರ ಹಾಕಲು ಅವನ ಹೆಂಡತಿ ಅಪ್ಪಣೆ ಕೇಳಬೇಕಿತ್ತು. ಎಲ್ಲಾ ಆ ಒಂದೆಳೆ ಹೊಗೆಗಾಗಿ.

ಮಳವಳ್ಳಿಯ ಮನೆಯಲ್ಲಿ ಒಂದು ಶಾಸ್ತ್ರವಿತ್ತು. ಗಡಿಗೆಯ ಬಾಯಿ ಬಿಚ್ಚಿದ ದಿನ ಮೊದಲ ಚಮಚ ಕೊಳ್ಳುವವನಿಗೆ. ಕುಡಿದವನು ಚೆನ್ನಾಗಿದೆ ಅನ್ನಬಾರದು. ಅಂದರೆ ಮುಂದಿನ ಗಡಿಗೆಗೆ ದೃಷ್ಟಿಯಾಗಿ ಹುಳಿಯುತ್ತದೆ. ಏನಾದರೂ ಒಂದು ಕುಂದು ಹೇಳಲೇಬೇಕು. ಮನೆಯ ಯಜಮಾನಿ ಮಂಗಳಮ್ಮ ಇರುವವರೆಗೆ ಇದು ಸುಸೂತ್ರವಾಗಿ ನಡೆಯಿತು. ಇವನು "ಒಸಿ ಕಹಿ ಕಣಮ್ಮ" ಅನ್ನುವುದು, ಆಕೆ "ಕಹಿಯಾದ್ರೆ ಬುಟ್ಟೋಗು, ಇನ್ಯಾರಾದ್ರೂ ತಕಂಡೋಯ್ತಾರೆ" ಅನ್ನುವುದು. ಇಬ್ಬರಿಗೂ ಸಂತೋಷ.

ಮಂಗಳಮ್ಮ ತೀರಿಕೊಂಡ ಮೇಲೆ, ಮೂವತ್ತೆಂಟರಲ್ಲಿ, ಸೊಸೆ ದೇವಿರಮ್ಮ ಮೊದಲ ಸಲ ತಾನೇ ಗಡಿಗೆ ಇಟ್ಟಳು. ಆಕೆ ಬಸರಾಳಿನ ಆಸವದ ಮನೆಯ ಮಗಳು. ಮೂರು ವರ್ಷ ಅತ್ತೆಯ ಪಕ್ಕ ನಿಂತು ಕಣ್ಣಲ್ಲೇ ಕಲಿತಿದ್ದಳು. ಆದರೆ ರುಚಿ ನೋಡುವ ದಿನ ಅತ್ತೆ ಯಾರನ್ನೂ ಹತ್ತಿರ ಸೇರಿಸುತ್ತಿರಲಿಲ್ಲ. ಬಾಯಿ ಬಿಚ್ಚಿದ ದಿನ ಮರಿಸಿದ್ದಯ್ಯ ಭಯದಿಂದಲೇ ಚಮಚ ಎತ್ತಿದ. ಸಿಹಿ ಬಂತು. ಒಗರು ಬಂತು. ಕಣ್ಣು ಮುಚ್ಚಿ ಕಾದ. ಹೊಗೆಯೂ ಬಂತು. ಅತ್ತೆಯೇ ಮಾಡಿದ ಹಾಗೆ, ಎಳೆಯಷ್ಟೂ ವ್ಯತ್ಯಾಸವಿಲ್ಲ. ಆ ಸಂತೋಷದಲ್ಲಿ, ಮುದ್ದಾದ ಮಗುವಿನ ಕೆನ್ನೆಗೇ ಹುಡುಕಿ ಕಪ್ಪು ಬೊಟ್ಟಿಡುವ ಹಾಗೆ, ತನಗೆ ಬಹಳ ಇಷ್ಟವಾದದ್ದನ್ನೇ ಹಿಡಿದು ಅಂದ:

"ಒಸಿ ಹೊಗೆ ವಾಸ್ನೆ ಕಣಮ್ಮ."

ದೇವಿರಮ್ಮ ತಲೆ ತಗ್ಗಿಸಿ ಚಮಚ ಇಸಿದುಕೊಂಡಳು. ಹೊಸಬಳು, ನಾಚಿಕೆ ಇರಬೇಕು ಅಂದುಕೊಂಡು ಅವನು ಸೀಸೆ ತುಂಬಿಸಿಕೊಂಡು ಬಂದ. ವ್ಯಾಪಾರಿ ತಾನೆ? ಎಲ್ಲವನ್ನೂ ಮಾರಿದ. ಒಂದು ಸೀಸೆ ತನಗೆ ಇರಲಿ ಅಂತ ತೋಚಲಿಲ್ಲ.

ಮುಂದಿನ ವರ್ಷ ಹೊಗೆ ಇರಲಿಲ್ಲ. ಒಂದು ವರ್ಷ ಹೀಗೇ, ಬರುವ ಸಲ ಸರಿಹೋಗುತ್ತದೆ ಅಂದುಕೊಂಡ. ಆದರೂ ಶಾಸ್ತ್ರಕ್ಕೆ ಒಂದು ಕುಂದು ಬೇಕಲ್ಲ. ಉಳಿದದ್ದರಲ್ಲಿ ಒಳ್ಳೆಯದು ಒಗರು, ಅದನ್ನೇ ಹೇಳಿದ. ಅದರ ಮುಂದಿನ ವರ್ಷ ಒಗರೂ ಹೋಯಿತು. ಹೀಗೆ ಪ್ರತಿ ವರ್ಷ ಏನೋ ಒಂದು ಮನೆ ಬಿಟ್ಟು ಹೋಗುತ್ತಿತ್ತು. ಯುದ್ಧ ಬಂದು ಪೆಟ್ರೋಲ್ ಸಿಗದೆ ಬಸ್ಸು ಇದ್ದಿಲಿನ ಮೇಲೆ ಓಡತೊಡಗಿತು. ಏರು ಬಂದಾಗ ಜನ ಇಳಿದು ತಳ್ಳುತ್ತಿದ್ದರು, ಮರಿಸಿದ್ದಯ್ಯನೂ ತಳ್ಳುತ್ತಿದ್ದ. ಈ ಸಲವಾದರೂ ಇರುತ್ತದೆ ಅಂತ ತಳ್ಳುವುದು, ಇಲ್ಲ ಅಂತ ತಿಳಿದು ವಾಪಸು ಬರುವಾಗಲೂ ತಳ್ಳುವುದು.

ವಿಚಿತ್ರವೆಂದರೆ ಗಿರಾಕಿಗಳಿಗೆ ಅದು ಮೊದಲಿಗಿಂತ ಹೆಚ್ಚು ಹಿಡಿಸಿತು. ಸಿಹಿಯಾಗಿತ್ತು, ತಂಟೆಯಿಲ್ಲದೆ ಇಳಿಯುತ್ತಿತ್ತು, ಅಜೀರ್ಣ ಹೆಂಗಸರಿಗೂ ಹಬ್ಬಿತು. ಮರಿಸಿದ್ದಯ್ಯ ಒಬ್ಬನೇ ಕೊರಗುತ್ತಿದ್ದ. ಆಲೆಮನೆ ಕಂಡಲ್ಲಿ ಬಸ್ಸಿನ ಕಿಟಕಿಯಿಂದ ಮೂಗು ಹೊರಗೆ ಹಾಕುತ್ತಿದ್ದ. ಅಲ್ಲಿನ ಹೊಗೆಯೂ ಈಚೆಗೆ ಅವನ ನೆನಪಿನ ಹೊಗೆಯಾಗಿರಲಿಲ್ಲ. ಕೊನೆಗೆ ತಪ್ಪನ್ನು ಮಂಡ್ಯದ ಜಲಾಲನ ಮೇಲೆ ಹಾಕಿದ. ಜಲಾಲ್ ಒಣಹಣ್ಣಿನ ವ್ಯಾಪಾರಿ, ಮಳವಳ್ಳಿಗೆ ಹೋಗುತ್ತಿದ್ದ ದ್ರಾಕ್ಷಿಯೆಲ್ಲ ಅವನದೇ.

"ನಿನ್ ದ್ರಾಕ್ಷೀಲೇ ಏನೋ ಐಬು ಅದೆ ಕಣ್ಲಾ."

"ಐಬಿರೋದು ನಿನ್ ನಾಲ್ಗೇಲಿ," ಅಂದ ಜಲಾಲ್. "ಊರೋರೆಲ್ಲ ಕುಡ್ದು ಕುಸಿಯಾಗವ್ರೆ. ನೀನೊಬ್ಬ ಸತ್ತೋರ್ನ ನೆನೆಸ್ಕೊಂಡೋನಂಗೆ ಮಕ ಮಾಡ್ಕೊಂಡು ಕುಂತಿದ್ದೀಯ. ಮಾರೋನಿಗೆ ರುಚಿ ಯಾಕ್ಲಾ?"

ನಲವತ್ತೇಳರಲ್ಲಿ, ಪೇಟೆಯಲ್ಲಿ ಬಾವುಟ ಹಾರಿ ಮಿಠಾಯಿ ಹಂಚಿ ಒಂದು ತಿಂಗಳಾಗಿರಬೇಕು, ಜಲಾಲ್ ಒಂದೇ ಚೀಲ ತಂದು ಅಂಗಡಿಯ ಜಗಲಿಯ ಮೇಲೆ ಇಳಿಸಿದ.

"ಇದೇ ಕಡೇದು. ಕಂದಹಾರದಿಂದ ಬೊಂಬಾಯಿಗೆ ಬಂದು ಅಲ್ಲಿಂದ ನಮ್ಗೆ ಬತ್ತಿತ್ತು. ಈಗ ಮಧ್ಯದಲ್ಲಿ ಇನ್ನೊಂದು ದೇಸ ಬಂದು ಕುಂತದೆ."

"ಮತ್ತೆ ಬರಾದು ಯಾವಾಗ?"

"ಬಂದ್ರೆ ಬತ್ತದೆ," ಅಂದ ಜಲಾಲ್. ಸಾಮಾನ್ಯವಾಗಿ ಗೇಲಿ ಮಾಡುವವನು ಆವತ್ತು ಮಾಡಲಿಲ್ಲ.

ಮೊದಲೆಲ್ಲ ನಾಲ್ಕು ಗಡಿಗೆಗೆ ದ್ರಾಕ್ಷಿ ಬರುತ್ತಿತ್ತು. ಇದು ಒಂದಕ್ಕೆ ಸರಿಹೋಗುವಷ್ಟು. ಮರಿಸಿದ್ದಯ್ಯ ಚೀಲದ ಮೇಲೆ ಕೈಯಿಟ್ಟುಕೊಂಡು ಬಹಳ ಹೊತ್ತು ಕುಳಿತ. ಒಂದೇ ಒಂದು ಸಲ, ಮೊದಲಿನ ಹಾಗೆ. ಅದನ್ನು ಕೇಳಬೇಕಾದರೆ ಮೊದಲಿನದು ಚೆನ್ನಾಗಿತ್ತು ಅಂತ ಬಾಯಿಬಿಟ್ಟು ಹೇಳಬೇಕು. ಮುಂದೆ ಗಡಿಗೆಯೇ ಇಲ್ಲವೆಂದ ಮೇಲೆ ದೃಷ್ಟಿ ತಾಗುವುದು ಯಾವುದಕ್ಕೆ ಅಂತ ವ್ಯಾಪಾರಿಯ ಲೆಕ್ಕ ಹಾಕಿ, ಧೈರ್ಯ ತಂದುಕೊಂಡು, ಚೀಲದ ಜೊತೆ ಮಳವಳ್ಳಿಯ ಬಸ್ಸು ಹತ್ತಿದ.

ದೇವಿರಮ್ಮ ಪಡಸಾಲೆಯಲ್ಲಿ ಹುರುಳಿ ಕೇರುತ್ತಿದ್ದಳು. ಚೀಲ ನೋಡಿದಳು, ವಿಷಯ ಕೇಳಿದಳು.

"ಇದೊಂದ್ ಗಡಿಗೆ ನಿಮ್ಮತ್ತೆ ಮಾಡ್ತಿದ್ದಂಗೆ ಮಾಡಮ್ಮ," ಅಂದ ಮರಿಸಿದ್ದಯ್ಯ. "ನೀನು ಮೊದಲ್ನೇ ಸಲ ಮಾಡಿದ್ದೆಯಲ್ಲ, ಅಂಗೆ."

"ಅದು ಹೊಗೆ ವಾಸ್ನೆ ಅಂದೋರು ಯಾರಣ್ಣ?"

"ನಾನೇಯ."

"ಅದ್ಕೇ ಗಡಿಗೆಗೆ ಹೊಗೆ ಇಡಾದ ಬುಟ್ಟೆ."

ಮರಿಸಿದ್ದಯ್ಯನ ಕೈ ಚೀಲದ ಮೇಲೆಯೇ ನಿಂತಿತು.

"ಒಗರು ಅಂದ್ರಿ, ಹೂವ ಅರ್ಧ ಮಾಡ್ದೆ," ಅಂದಳು ದೇವಿರಮ್ಮ, ಮೊರ ಕೆಳಗಿಟ್ಟು. "ಏಲಕ್ಕಿ ಮುಂದಾಗದೆ ಅಂದ್ರಿ, ಏಲಕ್ಕಿ ತೆಗ್ದೆ. ಬಣ್ಣ ಕಪ್ಪು ಅಂದ ವರ್ಸ ದ್ರಾಕ್ಷಿ ಕುದ್ಸೋ ಅತ್ತೆ ಕಾಲದ ತಾಮ್ರದ ಕೊಳದಪ್ಪಲೆನೇ ಎತ್ತಿಟ್ಟೆ. ಇನ್ನೇನ್ ಉಳ್ಸಿದ್ರಿ?"

"ಅದು ಸಾಸ್ತ್ರಕ್ಕೆ ಏಳೋದು ಕಣಮ್ಮ. ಚೆಂದಾಗದೆ ಅಂದ್ರೆ ದಿಷ್ಟಿ ಆಯ್ತದೆ ಅಂತ. ನಿಮ್ಮತ್ತೆಗೆ ಗೊತ್ತಿತ್ತು."

"ನಂಗ್ಯಾರು ಏಳಿದ್ರು?"

ಯಾರೂ ಹೇಳಿರಲಿಲ್ಲ. ಅತ್ತೆ ಹೇಳದೆ ಹೋದಳು. ಗಂಡನಿಗೆ ಗದ್ದೆಯ ಆಚೆ ಏನೂ ಗೊತ್ತಿರಲಿಲ್ಲ. ಹೊಳೆಯಬೇಕಾಗಿದ್ದದ್ದು ಮರಿಸಿದ್ದಯ್ಯನಿಗೆ. ಯಾಕೆಂದರೆ ಬಸರಾಳಿನಲ್ಲಿ, ಇವಳ ತವರಿನಲ್ಲಿ, ಈ ಶಾಸ್ತ್ರ ಇಲ್ಲವೆಂದು ಅವನಿಗೆ ಗೊತ್ತಿತ್ತು. ಅಲ್ಲಿ ಅವನು ಧಾರಾಳವಾಗಿ ಹೊಗಳುತ್ತಿದ್ದ. ಹತ್ತು ಊರಿನ ಸಂತೆಯಲ್ಲಿ ಯಾರಿಗೂ ಮೋಸ ಹೋಗದವನು ತನ್ನ ಮಾತಿಗೆ ತಾನೇ ಮೋಸ ಹೋಗಿದ್ದ.

"ಒಂಬತ್ ವರ್ಸ," ಅಂದಳು ದೇವಿರಮ್ಮ. ಧ್ವನಿ ಏರಲಿಲ್ಲ. "ನೀವು ಬಸ್ಸತ್ತಿ ಓದ್ಮೇಲೆ ಈ ಕಂಬಕ್ಕೆ ಒರಗ್ಕೊಂಡು ಕುಂತಿರ್ತಿದ್ದೆ. ಅತ್ತೆ ಕೈಗೆ ಬಂದದ್ದು ನನ್ ಕೈಗೆ ಬರ್ನಿಲ್ವಲ್ಲ ಅಂತ. ನಮ್ಮಪ್ಪನ ಮನೇಲಿ ಚೆಂದಾಗದೆ ಅಂತೀರಂತೆ. ನಮ್ಮಣ್ಣ ಬಂದಾಗೆಲ್ಲ ಏಳೋನು."

ಮರಿಸಿದ್ದಯ್ಯ ಟವೆಲಿನಿಂದ ಮುಖ ಒರೆಸಿಕೊಂಡ. ಬೆವರೇನೂ ಇರಲಿಲ್ಲ.

ಸ್ವಲ್ಪ ಹೊತ್ತಿನ ಮೇಲೆ ಅವಳೇ ಎದ್ದು ಅಟ್ಟದಿಂದ ತಾಮ್ರದ ಕೊಳದಪ್ಪಲೆ ಇಳಿಸಿದಳು. "ಒಂದೊಂದ್ ವರ್ಸ ಒಂದೊಂದ್ ಚಿಟಿಕೆ ಆಚೆ ಈಚೆ ಆಗದೆ. ಮೊದ್ಲು ಎಷ್ಟಿತ್ತು ಅಂತ ನಂಗೇ ಮರ್ತೋಗದೆ. ನೀವಾಡಿದ್ ಮಾತು ನಿಮ್ಗೆ ನೆಪ್ಪದಾ?"

ನೆನಪಿತ್ತು. ಒಂದೂ ಬಿಡದೆ ನೆನಪಿತ್ತು. ಇಬ್ಬರೂ ಕುಳಿತು ಹಿಂದಿನ ವರ್ಷದ ಕುಂದಿನಿಂದ ಶುರುಮಾಡಿ ಒಂದೊಂದನ್ನೇ ಹಿಂದಕ್ಕೆ ತೆಗೆದುಕೊಂಡರು. ಇವನು ಮಾತು ಹೇಳುವುದು, ಅವಳು ಅದಕ್ಕಾಗಿ ಏನು ಮಾಡಿದ್ದಳೋ ಅದನ್ನು ತಿರುಗಿಸುವುದು. ಮಧ್ಯೆ ಒಮ್ಮೆ ಅವಳು, "ಈ ನಲವತ್ಮೂರ್ನೇ ಇಸ್ವಿ ಮಾತು ಮಾತ್ರ ದಿಟವಾಗೇ ಇತ್ತು ಬುಡಿ, ಬೆಲ್ಲ ಸೀದಿತ್ತು" ಅಂದಳು. ಮೂವತ್ತೊಂಬತ್ತಕ್ಕೆ ಬರುವ ಹೊತ್ತಿಗೆ ಇಬ್ಬರಿಗೂ ಸ್ವಲ್ಪ ನಗು ಬಂದಿತ್ತು.

ಕೊನೆಗೆ ಉಳಿದದ್ದು ಹೊಗೆ. ಮಂಗಳಮ್ಮ ಗಡಿಗೆಯ ಒಳಗೆ ತುಪ್ಪ ಸವರಿ, ಒಣಗಿದ ಕಬ್ಬಿನ ರಚ್ಚು, ಅಂದರೆ ಗಾಣದಲ್ಲಿ ಹಿಂಡಿ ಎಸೆದ ಸಿಪ್ಪೆ, ಹೊಗೆಯಾಡಿಸಿ ಅದರ ಮೇಲೆ ಗಡಿಗೆಯನ್ನು ಬೋರಲು ಹಾಕುತ್ತಿದ್ದಳಂತೆ. ದೇವಿರಮ್ಮನ ಗಂಡ ಒಂದು ತೆಕ್ಕೆ ರಚ್ಚು ತಂದು ಹಾಕಿದ. ಗಡಿಗೆ ಕಣಜ ಸೇರಿತು.

ಆ ನಲವತ್ತು ದಿನ ಮರಿಸಿದ್ದಯ್ಯನ ಅಂಗಡಿಯಲ್ಲಿ ಕೆಮ್ಮಿಗೆ ಬಂದವರಿಗೆ ಭೇದಿಯ ಪುಡಿ ಹೋಯಿತು. ಖಾರ ಪೂರ್ತಿ ಬಿಟ್ಟ. ಹೆಂಡತಿ, "ಬಸುರಿ ಹೆಂಗಸಿಗೂ ಇಷ್ಟು ಪಥ್ಯ ಇಲ್ಲ" ಅಂದಳು.

ಬಾಯಿ ಬಿಚ್ಚುವ ದಿನ ದೇವಿರಮ್ಮ ಮಣ್ಣು ಕೆರೆದು, ಬಟ್ಟೆ ಬಿಚ್ಚಿ, ಸೌಟಿನಿಂದ ತಿಳಿಯನ್ನು ಗಾಜಿನ ಲೋಟಕ್ಕೆ ಬಿಟ್ಟಳು. ಅವನು ಅದನ್ನು ಬಾಗಿಲ ಬೆಳಕಿಗೆ ಹಿಡಿದ. ಹಳೆಯ ಬಣ್ಣವೇ, ನೇರಳೆ ಹಣ್ಣು ತಿಂದ ನಾಲಿಗೆಯ ಹಾಗೆ. ಎರಡು ಹುರಿಗಡಲೆ ಅಗಿದು ಬಾಯಿ ಶುದ್ಧ ಮಾಡಿಕೊಂಡು ಗುಟುಕರಿಸಿದ. ಸಿಹಿ ಬಂತು. ಒಗರು ಬಂತು, ಎಂಟು ವರ್ಷ ಊರು ಬಿಟ್ಟವನು ಹಟ್ಟಿ ಬಾಗಿಲಿಗೆ ಬಂದು ನಿಂತ ಹಾಗೆ. ಕಣ್ಣು ಮುಚ್ಚಿದ. ಹೊಗೆಯೂ ಬಂತು. ಆದರೆ ಅದು ದೂರದ ಆಲೆಮನೆಯದಲ್ಲ, ಪಕ್ಕದ ಒಲೆಯದು. ಇನ್ನೂ ಸ್ವಲ್ಪ ಕಾದ. ಅದರ ಹಿಂದೆ ಬೇರೆ ಯಾರೂ ಇರಲಿಲ್ಲ.

ಕಣ್ಣು ಬಿಟ್ಟಾಗ ದೇವಿರಮ್ಮ ಅವನ ಗಂಟಲನ್ನೇ ನೋಡುತ್ತಿದ್ದಳು. ಚೆಂದಾಗದೆ ಅನ್ನುವ ಮಾತು ತುಟಿಯ ಹತ್ತಿರವೇ ಇತ್ತು. ಒಂಬತ್ತು ವರ್ಷದಿಂದ ಅವಳು ಕಾದಿದ್ದ ಮಾತು, ಅಂದುಬಿಟ್ಟರೆ ಹೋಗುವುದೇನಿತ್ತು? ಆದರೆ ಈ ಪಡಸಾಲೆಯಲ್ಲಿ ಅವನು ಆಡಿದ್ದ ಸುಳ್ಳು ಈಗಾಗಲೇ ಸಾಕಷ್ಟಾಗಿತ್ತು.

"ಅದಲ್ಲ ಕಣಮ್ಮ," ಅಂದ. "ಅತ್ರುಕ್ಕೆ ಬಂದದೆ. ಅದಲ್ಲ."

ಅವಳು ಲೋಟ ಇಸಿದುಕೊಂಡು ತಾನೂ ಒಂದು ಗುಟುಕು ಕುಡಿದಳು. ಬಹಳ ಹೊತ್ತು ಬಾಯಲ್ಲಿಟ್ಟುಕೊಂಡಳು. "ಊಂ. ಹೊಗೆ ಅದಲ್ಲ."

ಅಂಗಳದಲ್ಲಿ ಎತ್ತಿಗೆ ಹುಲ್ಲು ಹಾಕುತ್ತಿದ್ದ ಅವಳ ಗಂಡ ಅಲ್ಲಿಂದಲೇ ಅಂದ: "ಆಗ್ಲೆಲ್ಲ ನಮ್ದು ಪಟ್ಟಾಪಟ್ಟಿ ಕಬ್ಬು ಕಣಣ್ಣ, ಕೆಂಪು ಗೀರಿಂದು. ಈಗ ಎಲ್ರೂದೂ ಫ್ಯಾಕ್ಟ್ರಿ ಕಬ್ಬೇ. ಇದ್ರ ಹೊಗೆ ಇಷ್ಟೇಯ."

ದೇವಿರಮ್ಮ ಲೋಟದ ಅಂಚನ್ನು ಸೆರಗಿನಿಂದ ಒರೆಸುತ್ತ ಕೇಳಿದಳು: "ಹೊಗೆ ಬುಟ್ಟು ಮಿಕ್ಕಿದ್ದು?"

"ಮಿಕ್ಕಿದ್ದೆಲ್ಲ ಚೆಂದಾಗದೆ."

"ಏನಂದ್ರಿ?" ಅಂದಳು. ಕೇಳಿಸಿತ್ತು.

"ಚೆಂದಾಗದೆ ಕಣಮ್ಮ. ಆವತ್ತೂ ಚೆಂದಾಗಿತ್ತು."

ಅವಳು ತಲೆ ತಗ್ಗಿಸಿ ಸೀಸೆಗಳನ್ನು ತುಂಬಲು ಕುಳಿತಳು. ಒಂದು ತೊಟ್ಟೂ ಚೆಲ್ಲಲಿಲ್ಲ.

ಆ ಗಡಿಗೆಯ ಸೀಸೆಗಳು ಮಾರಾಟಕ್ಕೆ ಬರಲಿಲ್ಲ. ಅಜೀರ್ಣದವರು ಎಷ್ಟು ಗೋಗರೆದರೂ, "ಅದು ಇನ್ನೂ ಸರಿಯಾಗಿಲ್ಲ" ಅಂತ ಮರಿಸಿದ್ದಯ್ಯ ಹಲಗೆಯ ಮೇಲೆ ಉಳಿದಿದ್ದ ನಿಡಘಟ್ಟದ ಸಿಹಿಯನ್ನೇ ಕೊಟ್ಟು ಕಳಿಸುತ್ತಿದ್ದ. ಹಳ್ಳಿಯಿಂದ ಯಾವ ರೈತ ಅಂಗಡಿಗೆ ಬಂದರೂ, ಅವನ ಕಾಯಿಲೆ ಕೇಳುವ ಮೊದಲು, "ನಿಮ್ಮೂರಲ್ಲಿ ಯಾರಾದ್ರೂ ಪಟ್ಟಾಪಟ್ಟಿ ಕಬ್ಬು ಬೆಳೀತಾರ?" ಅಂತ ಕೇಳುತ್ತಿದ್ದ. ಕೊಕ್ಕರೆ ಬೆಳ್ಳೂರಿನ ಕಡೆ ಯಾರದೋ ಹಿತ್ತಲಲ್ಲಿ ಆ ಕಬ್ಬಿನ ಎರಡು ತೆಂಡೆ ಇವೆಯಂತೆ ಅಂತ ಒಬ್ಬ ಅಂದ ದಿನ ಅಂಗಡಿಗೆ ಬೀಗ ಹಾಕಿ ಹೊರಟ. ದಾರಿಯಲ್ಲಿ ಜಲಾಲ್ ಸಿಕ್ಕ.

"ದ್ರಾಕ್ಷಿನೇ ಇಲ್ಲ, ಕಬ್ಬು ತಕಂಡು ಏನ್ ಮಾಡ್ತೀಯ್ಲಾ?"

"ಮೊದ್ಲು ಸಿಗ್ಲಿ ಬುಡು," ಅಂದ ಮರಿಸಿದ್ದಯ್ಯ, ನಿಲ್ಲದೆ.