ಕೈಗೆ ಕೊಡದ ಪಾನಾ

ಎಂಜಿನ್ನಿನ ಅಡಿಯಲ್ಲಿ ಅಂಗಾತ ಮಲಗಿ, ಎಣ್ಣೆಯ ಕೊಳವೆಯನ್ನು ಒಂದು ಕೈಯಲ್ಲಿ ಒತ್ತಿ ಹಿಡಿದು, ಇನ್ನೊಂದು ಕೈಯನ್ನು ಹೊರಗೆ ಚಾಚಿ, ‘ಸ್ಪ್ಯಾನರ್ ಕೊಡಪ್ಪಾ’ ಎಂದೆ. ಕೈ ಖಾಲಿಯಾಗಿಯೇ ಉಳಿಯಿತು. ಕಿವಿಯ ಪಕ್ಕದಲ್ಲಿ ಠಣ್ ಎಂದು ಸದ್ದಾಯಿತು. ಹೊರಳಿ ನೋಡಿದರೆ ಸ್ಪ್ಯಾನರು ನೆಲದ ಮೇಲೆ, ನನ್ನ ಬೆರಳಿಗೆ ಎಟುಕದ ಜಾಗದಲ್ಲಿ, ಬಹಳ ಮರ್ಯಾದೆಯಿಂದ ಕುಳಿತಿತ್ತು. ಅದನ್ನು ತಡಕಾಡುವಷ್ಟರಲ್ಲಿ ಕೊಳವೆ ಜಾರಿ ಎಣ್ಣೆಯೆಲ್ಲ ಮುಖಕ್ಕೆ ಇಳಿಯಿತು. ಹುಬ್ಬಳ್ಳಿಯ ತಾಂತ್ರಿಕ ಶಾಲೆಯಲ್ಲಿ ನಾನು ಮಾಡಿದ ಮೊದಲ ಪಾಠ ಅದು.

ತೆವಳಿಕೊಂಡು ಹೊರಗೆ ಬಂದವನೇ, ‘ಯಾಕಯ್ಯಾ, ಕೈಗೆ ಕೊಟ್ಟಿದ್ರೆ ನಿನ್ನ ಗಂಟೇನು ಹೋಗ್ತಿತ್ತು?’ ಎಂದು ಕೂಗಿದೆ.

ಸ್ಪ್ಯಾನರ್ ಇಟ್ಟವನು ಚೆನ್ನಪ್ಪ, ಉಪ್ಪಿನಬೆಟಗೇರಿಯ ಒಕ್ಕಲುತನದ ಮನೆಯವನು. ಆತ ಹೆದರಲಿಲ್ಲ, ನಗಲೂ ಇಲ್ಲ. ‘ಪಾನಾ ಕಬ್ಬಿಣದ್ದ ಐತ್ರಿ ಮಾಸ್ತರ್ರ. ಕೈಗೆ ಕೊಟ್ರ ನಿಮಗೂ ನನಗೂ ಜಗಳ ಆಕ್ಕೈತ್ರಿ’ ಎಂದ. ಸ್ಪ್ಯಾನರಿಗೆ ಇಲ್ಲಿ ಪಾನಾ ಎನ್ನುತ್ತಾರೆ. ಜಗಳ ಆಗಲೇ ಶುರುವಾಗಿದೆ ಎಂಬುದು ಮಾತ್ರ ಅವನ ಗಮನಕ್ಕೆ ಬಂದಂತೆ ಕಾಣಲಿಲ್ಲ.

ಮೈಸೂರಿನಲ್ಲಿ ಕುಳಿತು ಇದನ್ನು ಓದುವ ನೀವು, ‘ನಮ್ಮ ಮನೆಯಲ್ಲೂ ಉಪ್ಪನ್ನು ಕೈಗೆ ಕೊಡುವುದಿಲ್ಲವಲ್ಲ’ ಎನ್ನುತ್ತೀರಿ. ನಿಜ. ನನ್ನ ಅಮ್ಮನೂ ಉಪ್ಪಿನ ಬಟ್ಟಲನ್ನು ಕೆಳಗಿಟ್ಟೇ ಸರಿಸುತ್ತಾಳೆ. ಆದರೆ ಅದು ಅಡುಗೆಮನೆಯ ಮಾತು. ಇಲ್ಲಿ ನನ್ನ ಹುಡುಗರಿಗೆ ಕುಡಗೋಲು, ಕೊಡಲಿ, ಕತ್ತರಿ, ಎಲ್ಲವೂ ಮೊದಲು ನೆಲ ಮುಟ್ಟಬೇಕು, ಆಮೇಲೆ ಇನ್ನೊಬ್ಬ ಎತ್ತಿಕೊಳ್ಳಬೇಕು. ಹೊಲದಲ್ಲಿ ನೆಲಕ್ಕೇನೂ ಬರವಿಲ್ಲ. ಏಣಿಯ ತುದಿಯಲ್ಲಿ ನಿಂತವನಿಗೆ ನೆಲವನ್ನು ಎಲ್ಲಿಂದ ತರುವುದು?

ಇದರಿಂದ ನನಗೇಕೆ ಇಷ್ಟು ಸಿಟ್ಟು ಎಂದರೆ, ನನ್ನನ್ನು ಮೈಸೂರಿನಿಂದ ಕರೆಸಿದ್ದೇ ಈ ಕೆಲಸಕ್ಕೆ. ‘ಕಸಬ ಹೆಂಗರ ಕಲೀತಾರ್ರಿ ಹುಡುಗರು. ಕಾರ್ಖಾನ್ಯಾಗ ನಾಕ ಮಂದಿ ಜೋಡಿ ನಿಂತು ದುಡಿಯೂದು ಕಲಸ್ರಿ’ ಎಂದಿದ್ದರು ನಮ್ಮ ಮುಖ್ಯಾಧ್ಯಾಪಕರು. ಹತ್ತಿಯಿಂದ ಬೀಜ ಬಿಡಿಸುವ ಕಾರ್ಖಾನೆಗೆ ಈ ಊರಿನಲ್ಲಿ ಜಿನ್ನು ಎಂದು ಹೆಸರು. ಹಿಂದಿನ ವರ್ಷ ಅಂಥದೊಂದು ಜಿನ್ನಿಗೆ ಹೋದ ನಮ್ಮ ಹುಡುಗರು ಹಂಗಾಮು ಮುಗಿಯುವ ಮೊದಲೇ ವಾಪಸಾಗಿದ್ದರು. ಈ ಸಲ ಆ ಜಿನ್ನಿನ ಮ್ಯಾನೇಜರು ಬಹಳ ಹೇಳಿಸಿಕೊಂಡು ಇಬ್ಬರನ್ನು ತೆಗೆದುಕೊಳ್ಳಲು ಒಪ್ಪಿದರು: ಚೆನ್ನಪ್ಪ, ಮತ್ತು ಅವನ ಜೀವದ ಗೆಳೆಯ ದಾದಾಪೀರ. ದಾದಾಪೀರನ ತಂದೆಯದು ಗಬ್ಬೂರಿನ ಕಡೆ ಸೈಕಲ್ಲು, ಪಂಪು ರಿಪೇರಿಯ ಅಂಗಡಿ, ಅವನಿಗೆ ಹೇಗಾದರೂ ಅನ್ನವಿದೆ. ಚೆನ್ನಪ್ಪನ ಅಪ್ಪ ಮಾತ್ರ ಇದೊಂದು ವರ್ಷ ನೋಡುತ್ತೇನೆ, ಕಾರ್ಖಾನೆಯಲ್ಲಿ ನಿಲ್ಲದಿದ್ದರೆ ಶಾಲೆ ಸಾಕು, ನೇಗಿಲು ಹಿಡಿ ಎಂದು ಹೇಳಿಬಿಟ್ಟಿದ್ದ. ಎಂಜಿನ್ನಿನ ಶಬ್ದ ಕೇಳಿಯೇ ಅದರ ಕಾಯಿಲೆ ಹೇಳುವ ಹುಡುಗ ಅವನು. ಅವನು ನೇಗಿಲಿಗೆ ಹೋಗುವುದು ನನಗೆ ಬೇಕಿರಲಿಲ್ಲ.

ನನ್ನ ಸಂಸಾರದ ವಿಷಯವನ್ನೂ ಕೇಳಿ. ಹುಬ್ಬಳ್ಳಿಯಲ್ಲಿ ಒಂಟಿ ಗಂಡಸಿಗೆ ಮನೆ ಸಿಗದೆ ಉಣಕಲ್ಲಿನಲ್ಲಿ ನೀಲವ್ವ ಎಂಬ ಹಿರಿಯ ಹೆಂಗಸಿನ ಹೊರಗೋಣೆ ಹಿಡಿದೆ. ‘ಒಬ್ಬರ ಬಂದೀರೇನ್ರಿ? ರೊಟ್ಟಿ ಬಡಿಯಾಕ ಯಾರ ಅದಾರ?’ ಎಂಬುದು ಆಕೆಯ ಮೊದಲ ಪ್ರಶ್ನೆ. ಅನ್ನ ಮಾಡಿಕೊಳ್ಳುತ್ತೇನೆ ಎಂದಾಗ, ಕಾಯಿಲೆಯವನನ್ನು ನೋಡುವಂತೆ ನೋಡಿದಳು. ಶೇಂಗಾದ ಹಿಂಡಿ ಎಂದಾಗ ನಾನು ದನಕ್ಕೆ ಹಾಕುವುದೆಂದು ಕೈ ಹಿಂದೆಗೆದೆ. ಅದು ಚಟ್ನಿಪುಡಿ, ಈಗ ಅದಿಲ್ಲದೆ ನನಗೆ ಊಟ ಸೇರುವುದಿಲ್ಲ. ಮಳೆ ಬಂದರೆ ಇಲ್ಲಿಯ ಕರಿಮಣ್ಣು ಚಪ್ಪಲಿಯನ್ನು ಹಿಡಿದುಕೊಂಡು, ಪಾದವನ್ನು ಮಾತ್ರ ಮುಂದೆ ಕಳಿಸುತ್ತದೆ. ‘ನೀವು ಮಾತಾಡಾಕತ್ತೀರೋ, ಹಾಡಾಕತ್ತೀರೋ?’ ಎಂದು ತರಕಾರಿಯವಳು ಕೇಳಿದ ದಿನ, ಕೆರೆಯ ದಂಡೆಗೆ ಹೋಗಿ ಕುಳಿತು ಯಾರೊಂದಿಗೂ ಮಾತಾಡದೆ ಬಂದೆ. ಕನ್ನಡವೇ ಆಡುವ ಊರಿನಲ್ಲಿ ಪರದೇಶಿಯಾಗುವುದು ಇಂಗ್ಲೆಂಡಿಗೆ ಹೋಗಿ ಪರದೇಶಿಯಾಗುವುದಕ್ಕಿಂತ ಕಷ್ಟ.

ನಾನು ಪಾಠ ಶುರುಮಾಡಿದೆ. ಬೆಳಗಿನ ಪ್ರಾರ್ಥನೆಯಾದ ಕೂಡಲೇ ಹುಡುಗರು ಎದುರುಬದುರು ನಿಂತು ಪಾನಾವನ್ನು ಕೈಯಿಂದ ಕೈಗೆ ಕೊಡಬೇಕು. ಪಡೆದವನು ‘ಹಿಡದೆ’ ಎನ್ನುವ ತನಕ ಕೊಟ್ಟವನು ಬಿಡಬಾರದು. ಅವರು ನಕ್ಕರು, ಗೊಣಗಿದರು, ನಾನು ಅತ್ತ ತಿರುಗಿದ ಕೂಡಲೇ ನೆಲಕ್ಕಿಟ್ಟರು. ದಾದಾಪೀರನೂ ಇಟ್ಟದ್ದನ್ನು ನೋಡಿ ನನಗೆ ಮೈ ಉರಿಯಿತು. ‘ರಿಪೇರಿ ಅಂಗಡಿಯಲ್ಲಿ ಹುಟ್ಟಿದವನು ನೀನು. ನಿನಗೇನು ರೋಗ?’ ಎಂದೆ.

‘ಅಂಗಡ್ಯಾಗ ಕೈಗೇ ಕೊಡ್ತೀವ್ರಿ ಮಾಸ್ತರ್ರ. ಆದ್ರ ಇಂವ ನನ್ನ ದೋಸ್ತ ಅದಾನಲ್ರಿ. ಇವನ ಜೋಡಿ ಜಗಳ ಆಗಬಾರ್ದಲ್ರಿ’ ಎಂದ ಅವನು.

ಇದಕ್ಕೆ ಏನು ಹೇಳುತ್ತೀರಿ? ನಾನು, ಮತ್ತೆ ಕೊಡು ಎಂದೆ.

ಎರಡನೆಯ ಪಾಠ ಇನ್ನೂ ಕಷ್ಟದ್ದು. ಮೇಲಿನವರು ಕೇಳಿದಾಗ ತನಗೆ ಬರುವ ಕೆಲಸವನ್ನು ತನ್ನ ಬಾಯಿಂದಲೇ ಹೇಳಬೇಕು. ನಮ್ಮ ಮೈಸೂರಿನ ಹುಡುಗರಿಗೆ ಇದನ್ನು ಕಲಿಸುವುದು ಬೇಡ, ಬಾರದ್ದನ್ನೂ ಬರುತ್ತದೆ ಎಂದಾರು. ಇಲ್ಲಿ ನಾನು ಮ್ಯಾನೇಜರಂತೆ ಕುರ್ಚಿಯಲ್ಲಿ ಕುಳಿತು ‘ಎಂಜಿನ್ ಕೆಲಸ ಬರುತ್ತದೆಯೇ?’ ಎಂದರೆ ಚೆನ್ನಪ್ಪ, ‘ದಾದಾಪೀರಗ ಭಾಳ ಛಲೋ ಬರ್ತೈತ್ರಿ’ ಎನ್ನುತ್ತಿದ್ದ. ದಾದಾಪೀರನನ್ನು ಕೇಳಿದರೆ, ‘ಚೆನ್ನಪ್ಪ ಶಾಣ್ಯಾ ಅದಾನ್ರಿ, ಅವನ್ನ ಕೇಳ್ರಿ.’ ತನ್ನನ್ನು ತಾನೇ ಹೊಗಳಿಕೊಳ್ಳುವುದು ಅವರಿಗೆ ನಾಚಿಕೆಗೇಡು. ಗಂಟಲು ಹರಿಯುವಂತೆ ಹೇಳಿದೆ: ಕಾರ್ಖಾನೆಯಲ್ಲಿ ನಿಮ್ಮ ಹೆಸರನ್ನು ನೀವೇ ಹೇಳಬೇಕು.

ಹಂಗಾಮು ಶುರುವಾಗಿ ಇಬ್ಬರೂ ಜಿನ್ನಿಗೆ ಹೋದರು. ಒಂದು ಮಧ್ಯಾಹ್ನ ನೋಡಲು ಹೋದೆ. ದಾದಾಪೀರ ಏಣಿಯ ಮೇಲಿದ್ದ, ಕೆಳಗೆ ಚೆನ್ನಪ್ಪ. ಹತ್ತಿಯ ಧೂಳಿನಲ್ಲಿ ಇಬ್ಬರ ರೆಪ್ಪೆಗಳೂ ಬೆಳ್ಳಗಾಗಿದ್ದವು. ಮೇಲಿನಿಂದ ಒಂದು ಕೈ ಕೆಳಗೆ ಬಂತು. ಚೆನ್ನಪ್ಪ ಒಂದು ಗಳಿಗೆ ಕಣ್ಣು ಮುಚ್ಚಿಕೊಂಡ, ಪಾನಾವನ್ನು ಎತ್ತಿ ಆ ಕೈಯೊಳಗಿಟ್ಟ. ‘ಹಿಡದೆ’ ಎಂದಿತು ಮೇಲಿನ ದನಿ. ಆ ದಿನ ನೀಲವ್ವನ ಎರಡು ರೊಟ್ಟಿ ಹೆಚ್ಚಿಗೆ ತಿಂದೆ.

ಹಂಗಾಮು ಮುಗಿಯುವಾಗ ಮ್ಯಾನೇಜರು ಒಬ್ಬನನ್ನು ಮಾತ್ರ ಕಾಯಂ ಮಾಡುವುದೆಂದು ಗೊತ್ತುಮಾಡಿದರು. ಇಬ್ಬರನ್ನೂ ಒಟ್ಟಿಗೆ ನಿಲ್ಲಿಸಿಕೊಂಡು, ಎಂಜಿನ್ ನೋಡಿಕೊಳ್ಳಲು ಯಾರಿಗೆ ಬರುತ್ತದೆ ಎಂದು ಕೇಳಿದರಂತೆ. ಚೆನ್ನಪ್ಪ ವಾಡಿಕೆಯಂತೆ ದಾದಾಪೀರನ ಹೆಸರು ಹೇಳಿ, ತನ್ನ ಹೆಸರನ್ನು ಗೆಳೆಯ ಹೇಳುತ್ತಾನೆಂದು ಕಾದ. ದಾದಾಪೀರ ನಾನು ಕಲಿಸಿದಂತೆ, ‘ನನಗ ಬರ್ತೈತ್ರಿ, ನಾ ನೋಡ್ಕೋತೇನ್ರಿ’ ಎಂದ. ಕೆಲಸ ಅವನಿಗಾಯಿತು.

ಚೆನ್ನಪ್ಪ ಶಾಲೆಗೆ ಬಂದು ನನ್ನ ಮುಂದೆ ನಿಂತ. ‘ನಾ ಅವನ ಹೆಸರ ಹೇಳಿದೆ ಮಾಸ್ತರ್ರ. ಅಂವಾ ನನ್ನ ಹೆಸರ ಹೇಳಲಿಲ್ರಿ.’

‘ನಿನ್ನ ಹೆಸರು ನೀನೇ ಹೇಳಬೇಕು ಅಂತ ಎಷ್ಟು ಸಲ ಬಡ್ಕೊಂಡೆನೋ!’ ಎಂದೆ.

ಅವನು ಅದನ್ನು ಕಿವಿಗೇ ಹಾಕಿಕೊಳ್ಳಲಿಲ್ಲ. ‘ಪಾನಾ ಕೈಗೆ ಕೊಡಬಾರ್ದಿತ್ರಿ. ಆಗಬಾರ್ದದ್ದ ಆತು’ ಎಂದು ಹೇಳಿ ಹೊರಟುಹೋದ.

ಆ ವಾರವೇ ದಾದಾಪೀರನೂ ಬಂದ. ನೌಕರಿ ಸಿಕ್ಕವನ ಮುಖ ಅದಾಗಿರಲಿಲ್ಲ. ‘ನೀವು ಹೇಳಿದಂಗ ಮಾಡಿದೆ ರೀ. ಅಂವಾ ಮಾತ ಬಿಟ್ಟಾನ್ರಿ’ ಎಂದ. ಅವನೂ ಪಾನಾದ ಮೇಲೆಯೇ ತಪ್ಪು ಹೊರಿಸಿದ.

ಹೇಳಿ, ನಾನು ಯಾವ ಗೋಡೆಗೆ ತಲೆ ಚಚ್ಚಿಕೊಳ್ಳಲಿ? ಕಲಿಸಿದ್ದು ತಪ್ಪೆಂದು ನಾನು ಒಪ್ಪುವುದಿಲ್ಲ. ಏಣಿಯ ಮೇಲಿದ್ದವನ ಕೈಗೆ ಪಾನಾ ಕೊಡದೆ ಎಸೆಯಲಾಗುತ್ತದೆಯೇ? ತನಗೆ ಬರುವುದನ್ನು ಹೇಳದವನಿಗೆ ಯಾವ ಮ್ಯಾನೇಜರು ಕೆಲಸ ಕೊಟ್ಟಾನು? ಎಲ್ಲವೂ ಸರಿ. ಆದರೆ ನಾನು ಬರುವ ಮೊದಲು ಆ ಇಬ್ಬರೂ ಒಂದೇ ಬುತ್ತಿ ಬಿಚ್ಚಿ ತಿನ್ನುತ್ತಿದ್ದರು.

ಈಗ ರಜೆಗೆ ಮೈಸೂರಿಗೆ ಬಂದು, ನಮ್ಮ ಮನೆಯ ನಡುಮನೆಯಲ್ಲಿ ಕುಳಿತು ಇದನ್ನು ಬರೆಯುತ್ತಿದ್ದೇನೆ. ನಮ್ಮ ಸೋದರಮಾವ ಇಲ್ಲಿಯೇ ಒಂದು ಕೆಲಸ ನೋಡಿದ್ದಾರೆ. ಒಪ್ಪಿಕೊಂಡರೆ ಕರಿಮಣ್ಣೂ ಇಲ್ಲ, ಹಾಡುತ್ತೀರೋ ಎಂಬ ಗೇಲಿಯೂ ಇಲ್ಲ. ಆದರೆ ಗದಗಿನ ಒಂದು ಜಿನ್ನಿನವರು, ಹುಡುಗನನ್ನು ಕರೆತನ್ನಿ, ನೋಡೋಣ ಎಂದಿದ್ದಾರೆ. ಚೆನ್ನಪ್ಪನನ್ನು ನಾನೇ ಜೊತೆಯಲ್ಲಿ ಕರೆದುಕೊಂಡು ಹೋಗದಿದ್ದರೆ, ಅವನು ಅಲ್ಲಿಯೂ ದಾದಾಪೀರನ ಹೆಸರನ್ನೇ ಹೇಳಿ ಬಂದಾನು.

ಇಂದು ಊಟವಾದ ಮೇಲೆ ಅಮ್ಮ ಎಲೆಯಡಿಕೆಯ ತಟ್ಟೆ ಮುಂದಿಟ್ಟುಕೊಂಡು, ‘ಮಾವನಿಗೆ ಏನು ಹೇಳಲೋ?’ ಎಂದಳು. ನಾನು ತಟ್ಟೆಯಿಂದ ಒಂದು ಎಲೆ ತೆಗೆದು ಒರೆಸತೊಡಗಿದೆ. ‘ಆಗಲಿ, ಆ ಅಡಕತ್ತರಿ ಕೊಡು’ ಎಂದು ಕೈ ಚಾಚಿದಳು. ಪಕ್ಕದಲ್ಲಿದ್ದ ಅಡಕತ್ತರಿಯನ್ನು ತೆಗೆದು ಅವಳ ಮುಂದೆ ನೆಲದ ಮೇಲಿಟ್ಟೆ. ಈ ಹೊತ್ತಿನಲ್ಲಿ ಅವಳೊಂದಿಗೆ ಜಗಳ ನನಗೆ ಬೇಕಿರಲಿಲ್ಲ.

‘ಇದೇನೋ, ಕೈಗೆ ಕೊಡಬಾರದಾ?’ ಎಂದಳು.

‘ನಮ್ಮ ಕಡೆ ಕಬ್ಬಿಣ ಕೈಗೆ ಕೊಡೋದಿಲ್ಲಮ್ಮ’ ಎಂದೆ.

ಅಮ್ಮ ಅಡಕತ್ತರಿಯನ್ನು ನೋಡಿದಳು, ನನ್ನನ್ನು ನೋಡಿದಳು. ಅವಳ ಕೈ ಇನ್ನೂ ಚಾಚಿಯೇ ಇತ್ತು.

‘ನಿಮ್ಮ ಕಡೆ ಅಂದ್ರೆ ಯಾವುದೋ?’ ಎಂದು ಕೇಳಿದಳು.