ಗೋಡೆ ಬಿತ್ತು ಅಂತ ಬರೆಸ್ರಿ

ಮದುವೆಯಾಗಿ ಬಿಳಿಚೋಡಿನಿಂದ ನ್ಯಾಮತಿಗೆ ಬಂದಾಗ ನನಗೆ ಅಡುಗೆ ಬರುತ್ತಿತ್ತು, ಓದು ಬರಹ ಬರುತ್ತಿತ್ತು, ಬಾಯಿ ತೆರೆದು ನಗುವುದು ಮಾತ್ರ ಬರುತ್ತಿರಲಿಲ್ಲ. ಅದನ್ನು ಕಲಿಸಿದವಳು ನನ್ನ ಗಂಡನ ಅಕ್ಕ. ಗಂಡ ತೀರಿಕೊಂಡ ಮೇಲೆ ಮಗಳನ್ನು ಕಟ್ಟಿಕೊಂಡು ತವರಲ್ಲೇ ಇದ್ದಳು. ನಾನೂ ಅವಳನ್ನು ಅಕ್ಕ ಅಂತಲೇ ಕರೆಯುತ್ತಿದ್ದೆ. ಎಪ್ಪತ್ತರ ದಶಕದ ಕೊನೆ ಅದು. ಊರಾಚೆಯ ಎಣ್ಣೆ ಮಿಲ್ಲಿನಲ್ಲಿ ಶೇಂಗಾ ಬೀಜ ಆರಿಸುವ ಕೆಲಸಕ್ಕೆ ನನ್ನನ್ನೂ ಕರೆದುಕೊಂಡು ಹೋದಳು. ಸಾಲಾಗಿ ಕೂತ ಹೆಂಗಸರ ನಡುವೆ ಮೇಸ್ತ್ರಿ ಕೆಮ್ಮುವುದು, ಚನ್ನಗಿರಿ ಬಸ್ಸಿನ ಕಂಡಕ್ಟರ್ ಕೂಗುವುದು, ಎಲ್ಲವನ್ನೂ ಮಾಡಿ ತೋರಿಸುತ್ತಿದ್ದಳು. ನಗುವಿನ ಭರದಲ್ಲಿ ಕಲ್ಲು, ಬೀಜ ಎರಡನ್ನೂ ಒಂದೇ ಬುಟ್ಟಿಗೆ ಹಾಕಿ ಬೈಸಿಕೊಳ್ಳುತ್ತಿದ್ದೆವು.

ಒಂದು ಮಳೆಗಾಲದಲ್ಲಿ ಮಿಲ್ಲಿನ ಗೋದಾಮಿನ ಗೋಡೆ ಕುಸಿಯಿತು. ಸೂರಿನವರೆಗೆ ಚೀಲ ಒಟ್ಟಿದ್ದರು, ಗೋಡೆ ಮೊದಲೇ ಬಿರುಕು ಬಿಟ್ಟಿತ್ತು. ಅಕ್ಕ ಹೋದಳು. ಅವಳ ಪಕ್ಕದಲ್ಲಿದ್ದ, ಹತ್ತಿರದ ಗೋವಿನಕೋವಿ ಊರಿನ ಇಬ್ಬರು ಹೆಂಗಸರೂ ಹೋದರು. ಮಿಲ್ಲಿನ ಮ್ಯಾನೇಜರು ನಮ್ಮ ಜೊತೆ ಕೈಯಲ್ಲೇ ಮಣ್ಣು ಬಗೆದರು. ಆ ದಿನದ ಬಗ್ಗೆ ಇಷ್ಟೇ ಸಾಕು.

ಮಿಲ್ಲು ಒಂದು ಕಂಪನಿಯದು. ಕಂಪನಿಯವರು ಪರಿಹಾರ ಕೊಟ್ಟರು, ಗೋಡೆ ಹೊಸದಾಗಿ ಕಟ್ಟಿಸಿದರು. ಮುಂದಿನ ವರ್ಷ, ತೀರಿಕೊಂಡವರ ನೆನಪಿಗೆ ಏನಾದರೂ ಮಾಡುತ್ತೇವೆ ಅಂದರು. ಗೇಟಿನ ಹತ್ತಿರದ ಬೇವಿನ ಮರಕ್ಕೆ ಕಟ್ಟೆ ಕಟ್ಟಿಸಿದರೆ ಬುತ್ತಿ ಉಣ್ಣಾಕೆ ಆಗ್ತದೆ ಅಂತ ನಾವು ಕೇಳಿದೆವು. ಕಟ್ಟೆ ಎದ್ದಿತು. ಮೂವರ ಹೆಸರಿನ ಕಲ್ಲು ಹೊನ್ನಾಳಿಯಿಂದ ಕೆತ್ತಿಸಿ ತರುವುದು, ಅದನ್ನು ನಿಲ್ಲಿಸುವ ದಿನ ಎಲ್ಲರಿಗೂ ಊಟ ಹಾಕುವುದು ಅಂತ ತೀರ್ಮಾನವಾಯಿತು.

ಆ ದಿನ ಕಂಪನಿಯ ದೊಡ್ಡ ಸಾಹೇಬರು ಕಾರಿನಲ್ಲಿ ಬಂದರು. ಗೋವಿನಕೋವಿಯಿಂದ ಎರಡು ಗಾಡಿ ತುಂಬ ಜನ ಬಂದಿದ್ದರು. ಹಿಂದುಗಡೆ ಹೋಳಿಗೆ ಬೇಯುವ ವಾಸನೆ. ಸಾಹೇಬರು ಕಲ್ಲಿನ ಮೇಲಿನ ಬಟ್ಟೆ ಸರಿಸಿದರು, ಎಲ್ಲರೂ ಚಪ್ಪಾಳೆ ತಟ್ಟಿದರು.

ನಮ್ಮ ಅತ್ತೆಗೆ, ಅಂದರೆ ಸತ್ತ ಅಕ್ಕನ ತಾಯಿಗೆ, ಓದು ಬರುತ್ತಿರಲಿಲ್ಲ. "ಏನು ಬರ್ದೈತೆ, ಓದವ್ವ" ಅಂದರು.

ಓದಿದೆ. ಮೂವರ ಹೆಸರು, ಕೆಳಗೆ 'ದೈವಾಧೀನರಾದರು' ಅಂತ ಇತ್ತು.

"ಹಂಗಂದ್ರೆ?"

"ದೇವರು ಕರ್ಕೊಂಡ ಅಂತ, ಅತ್ತೆ."

ಅತ್ತೆ ಸಾಹೇಬರ ಕಡೆ ತಿರುಗಿದರು. ದನಿ ಏರಿಸಲಿಲ್ಲ. "ದೇವರ ಮ್ಯಾಲೆ ಯಾಕೆ ಹಾಕ್ತೀರಿ, ಸಾಹೇಬ್ರೆ? ಆತ ಗೋಡೆ ಕಟ್ಟಿದ್ನಾ? ಗೋಡೆ ಬಿತ್ತು ಅಂತ ಬರೆಸ್ರಿ. ಅದು ಯಾರ ಗೋಡೆ ಅಂತಾನೂ ಬರೆಸ್ರಿ."

ಸಾಹೇಬರ ಮುಖ ಕೆಂಪಾಯಿತು. ಅಷ್ಟರಲ್ಲಿ ಮ್ಯಾನೇಜರು ಮುಂದೆ ಬಂದರು. ಮೈಸೂರು ಕಡೆಯ ಮೆತ್ತಗಿನ ಮನುಷ್ಯ. "ಅಮ್ಮ ಹೇಳ್ತಿರೋದು ಸರಿ ಸಾರ್. ಬಿರುಕಿನ ವಿಷಯ ನಾನು ಮೊದಲೇ ತಿಳಿಸಿದ್ದೆ. ಮಳೆಗಾಲ ಮುಗೀಲಿ ಅಂದ್ರಿ." ಕೆಲಸ ಹೋಯಿತು ಇವರದು ಅಂದುಕೊಂಡೆ.

ಸಾಹೇಬರು ಕಲ್ಲಿನ ಹತ್ತಿರ ಹೋಗಿ ಆ ಸಾಲನ್ನು ಮತ್ತೊಮ್ಮೆ ಓದಿದರು. ಆಮೇಲೆ, "ಅಂದಿದ್ದು ನಿಜ. ಬೇರೆ ಕಲ್ಲು ಕೆತ್ತಿಸೋಣ" ಅಂದರು.

ಈಗ ಏನು ಮಾಡುವುದು ಅಂತ ಯಾರಿಗೂ ತೋಚಲಿಲ್ಲ. ಕಲ್ಲೇ ಬೇಡವಾದ ಮೇಲೆ ಊಟ ಹೆಂಗೆ? ಅದಕ್ಕೂ ಅತ್ತೆಯೇ ದಾರಿ ತೋರಿಸಿದರು. "ಹೋಳಿಗೆ ಏನು ತಪ್ಪು ಮಾಡ್ಯಾವು? ಕಲ್ಲು ತಿರುಗಿಸಿ ಇಡ್ರಿ, ಎಲೆ ಹಾಕ್ರಿ!"

ಒಬ್ಬಳು ಕಿಸಕ್ಕೆಂದಳು. ಅವಳ ಹಿಂದೆ ಇಡೀ ಸಾಲು ನಕ್ಕಿತು. ಕಲ್ಲನ್ನು ಕಟ್ಟೆಗೆ ಮುಖಮಾಡಿ ಒರಗಿಸಿದರು. ಸಾಹೇಬರು ಕೋಟು ಬಿಚ್ಚಿ ಕಾರಿನೊಳಗಿಟ್ಟು ತಾವೇ ತುಪ್ಪದ ಗಿಂಡಿ ಹಿಡಿದರು. ಬಡಿಸಿ ಗೊತ್ತಿಲ್ಲದ ಕೈ. ಅರ್ಧ ತುಪ್ಪ ಎಲೆಗೆ ಬಿದ್ದರೆ ಅರ್ಧ ನಮ್ಮ ಸೀರೆಗೆ. "ಹಿಂಗೆ ಬಗ್ರಿ ಸಾಹೇಬ್ರೆ, ಸೊಂಟ ಮುರಿಯಂಗಿಲ್ಲ" ಅಂತ ಗೋವಿನಕೋವಿಯ ಅಜ್ಜಿಯೊಬ್ಬಳು ಪಾಠ ಹೇಳಿದಳು. ಅವರೂ ನಗುತ್ತ ಬಗ್ಗಿದರು. ಅತ್ತೆ ಮಾತ್ರ ಮೊದಲ ತುತ್ತನ್ನು ಅಕ್ಕನಿಗೆ ಅಂತ ಎಲೆಯ ಅಂಚಿಗೆ ತೆಗೆದಿಟ್ಟರು. ನಾನು ಅವರ ಬೆನ್ನ ಮೇಲೆ ಕೈಯಿಟ್ಟೆ. ಆಮೇಲೆ ಉಂಡರು, ಇನ್ನೊಂದು ಹೋಳಿಗೆ ಕೇಳಿ ಹಾಕಿಸಿಕೊಂಡರು.

ಹೊಸ ಕಲ್ಲು ಬಂದಾಗ ಸಭೆ, ಚಪ್ಪಾಳೆ ಏನೂ ಇರಲಿಲ್ಲ. ನಾನೇ ಎಲ್ಲರಿಗೂ ಓದಿ ಹೇಳಿದೆ: 'ಈ ಕಂಪನಿಯ ಗೋದಾಮಿನ ಗೋಡೆ ಕುಸಿದು ಜೀವ ಕಳೆದುಕೊಂಡವರು.' ಕೆಳಗೆ ಮೂರು ಹೆಸರು. ಅಕ್ಕನ ಮಗಳು ತನ್ನ ತಾಯಿಯ ಹೆಸರು ತೋರಿಸಿದಳು. ಅತ್ತೆ ಅದರ ಮೇಲೆ ಬೆರಳಾಡಿಸಿ, "ಈಗ ಸರಿ ಆತು" ಅಂದರು. ಮ್ಯಾನೇಜರ ಕೆಲಸವೂ ಹೋಗಲಿಲ್ಲ.

ಎಂಬತ್ತರ ದಶಕದಲ್ಲಿ ಮಿಲ್ಲು ಮುಚ್ಚುವವರೆಗೆ ಪ್ರತಿ ವರ್ಷ ಆ ಹೋಳಿಗೆ ಊಟದ ದಿನ ಕೆಲಸಕ್ಕೆ ರಜೆ, ಕಟ್ಟೆಯ ಸುತ್ತ ಊಟ. ಬರಬರುತ್ತ ಅದು ನಮ್ಮ ಹಬ್ಬವೇ ಆಯಿತು. ಉಂಡಾದ ಮೇಲೆ ನ್ಯಾಮತಿಯವರು ಒಂದು ಕಡೆ, ಗೋವಿನಕೋವಿಯವರು ಇನ್ನೊಂದು ಕಡೆ ಕೂತು ಪೈಪೋಟಿಯಲ್ಲಿ ಹಾಡಿಗೆ ಹಾಡು ಹೇಳುತ್ತಿದ್ದೆವು. ಒಂದು ವರ್ಷ ಮ್ಯಾನೇಜರ ಹೆಂಡತಿ, ಯಾರ ಜೊತೆಗೂ ಮಾತಾಡದ ಹೆಣ್ಣುಮಗಳು, ತಾನಾಗಿಯೇ ಎದ್ದು ಗೋವಿನಕೋವಿಯವರ ಕಡೆ ಹೋಗಿ ಕೂತಳು. ಎಂಥ ಕಂಠ ಅವಳದು! ನಾವು ಸೋತೆವು. ಅತ್ತೆ ಅವಳ ಕೆನ್ನೆ ಹಿಂಡಿ, "ಮುಂದಿನ ವರ್ಷ ನಮ್ಮ ಕಡೆ ಬಾರವ್ವ" ಅಂದರು.