ಮೂವತ್ತೊಂದನೇ ಪುಟದ ಸೌತೆಕಾಯಿ

ನನ್ನ ಸೋದರಮಾವ ಮೂವತ್ತೆರಡು ವರ್ಷ ಒಂದು ಮುದ್ರಣಾಲಯದಲ್ಲಿ ಕರಡು ತಿದ್ದಿದವರು. ನಿವೃತ್ತಿಯಾದರೂ ಆ ಚಾಳಿ ಬಿಡಲಿಲ್ಲ. ಔಷಧದ ಬಾಟಲಿ ಕೈಗೆ ಬಂದರೆ ಮೊದಲು ಅದರ ಚೀಟಿಯಲ್ಲಿ ತಪ್ಪು ಹುಡುಕುವರು, ಆಮೇಲೆ ಔಷಧ ಕುಡಿಯುವರು. ಮದುವೆಗೆ ಕರೆಯಲು ಬಂದವರ ಕರೆಯೋಲೆಯನ್ನು ತಿದ್ದಿ ಅವರ ಕೈಗೇ ವಾಪಸು ಕೊಟ್ಟಿದ್ದೂ ಉಂಟು. "ನನ್ನನ್ನೊಂದು ತಿದ್ದೋಕೆ ಆಗಲಿಲ್ಲ, ಅದಕ್ಕೇ ಈ ಮನೆ ನಡೀತಿದೆ" ಎನ್ನುತ್ತಿದ್ದರು ಅತ್ತೆ.

ಇಂಥ ಮಾವ ಎಪ್ಪತ್ತು ತುಂಬಿದ ವರ್ಷ ಮನೆತನದ ಚರಿತ್ರೆ ಬರೆದರು. 'ನಮ್ಮ ಮನೆಯ ಬೇಸಿಗೆ' ಎಂದು ಹೆಸರು. ನಲವತ್ತೆಂಟು ಪುಟ, ನೂರು ಪ್ರತಿ. ಮೂವತ್ತೊಂದನೇ ಪುಟದಲ್ಲಿ ಅವರ ಅಮ್ಮ, ಅಂದರೆ ನಮ್ಮ ಅಜ್ಜಿ, ಸಾಕ್ಷಾತ್ ಅನ್ನಪೂರ್ಣೆಯಾಗಿ ನಿಂತಿದ್ದಳು. ಬೇಸಿಗೆಯ ಮಧ್ಯಾಹ್ನ ಐದು ಮಕ್ಕಳಿಗೆ ಅವಳು ಸೌತೆಕಾಯಿ ಮೊಸರು ಮಾಡಿ ಬಡಿಸುತ್ತಿದ್ದಳಂತೆ. ಬೆಣ್ಣೆಯಂತೆ ಗಟ್ಟಿ, ಬಾವಿಯ ನೀರಿನಂತೆ ತಂಪು. ಕೆಳಗೆ ಮಾಡುವ ವಿಧಾನವೂ ಇತ್ತು. ಕೊನೆಯಲ್ಲಿ ಒಂದು ಸಾಲು: 'ಅಕ್ಕನೂ ಆಗಾಗ ಸೌತೆಕಾಯಿ ತೊಳೆದುಕೊಡುತ್ತಿದ್ದಳು.'

ಆ ಅಕ್ಕ ನನ್ನ ದೊಡ್ಡಮ್ಮ. ಆಗ ಅವಳಿಗೆ ಎಪ್ಪತ್ತೆಂಟು. ಮದುವೆಯಾಗಲಿಲ್ಲ. ದರ್ಜಿಯಂಗಡಿಗಳಿಗೆ ಅಂಗಿಯ ಕಾಜಾ ಹೊಲಿದುಕೊಟ್ಟು ತನ್ನ ಖರ್ಚು ತಾನೇ ನೋಡಿಕೊಂಡವಳು, ಮಾವನ ಮನೆಯ ಹಿಂದಿನ ಕೋಣೆಯಲ್ಲಿ ಇದ್ದಳು. ಅವಳ ಪಕ್ಕ ಕೂತು ದಾರ ಪೋಣಿಸಿಕೊಡುತ್ತ ನಾನು ಕೇಳಿದ ಚರಿತ್ರೆಯೇ ಬೇರೆ. ಅದರಲ್ಲಿ ಅಜ್ಜಿ ಬೇಸಿಗೆ ಮೂರು ತಿಂಗಳೂ ನಡುಮನೆಯ ತಣ್ಣನೆ ನೆಲದ ಮೇಲೆ, ಹಣೆಗೆ ಒದ್ದೆ ಬಟ್ಟೆ ಹಾಕಿಕೊಂಡು, ಬಿಸಿಲಿಗೆ ಶಾಪ ಹಾಕುತ್ತ ಮಲಗಿರುತ್ತಿದ್ದಳು. ಹನ್ನೆರಡನೇ ವಯಸ್ಸಿನಿಂದ ಅಡುಗೆಮನೆಯಲ್ಲಿ ಇದ್ದವಳು ದೊಡ್ಡಮ್ಮ ಒಬ್ಬಳೇ. ಪ್ರಾರ್ಥನೆಗೆ ಕೂತಾಗ ಅಜ್ಜಿಯ ಮೇಲೆ ನನಗೆ ಕೋಪವಿಲ್ಲ ಎಂದುಕೊಳ್ಳುತ್ತೇನೆ. ಎದ್ದ ಮೇಲೆ ಸ್ವಲ್ಪ ಇರುತ್ತದೆ.

ದೊಡ್ಡಮ್ಮ ಅಕ್ಷರ ಕೂಡಿಸಿಕೊಂಡು ನಿಧಾನ ಓದುವವಳು. ಆ ಒಂದು ಪುಟಕ್ಕೆ ಅರ್ಧ ದಿನ ಹಿಡಿಯಿತು. ಓದಿ, ಪುಸ್ತಕ ಹಿಡಿದುಕೊಂಡೇ ಮಾವ ಕೂತಿದ್ದ ಹಜಾರಕ್ಕೆ ಬಂದಳು.

"ಏನೋ ಇದು? ತೊಳೆದುಕೊಡ್ತಿದ್ನಾ ನಾನು?"

"ತೊಳೀತಿರಲಿಲ್ವಾ ಅಕ್ಕ?"

"ತೊಳೀತಿದ್ದೆ. ಆಮೇಲಿನದ್ದೆಲ್ಲ ಯಾರು ಮಾಡಿದ್ರು, ಅದನ್ನೂ ಬರಿ. ತಪ್ಪಾದ್ರೆ ಪುಸ್ತಕಕ್ಕೆ ಒಂದು ಚೀಟಿ ಅಂಟಿಸ್ತಾರಲ್ಲ, ಅದನ್ನ ಅಂಟಿಸು."

ಮಾವನಿಗೆ ಮೈಯೆಲ್ಲ ಉರಿದುಹೋಯಿತು. "ನನ್ನ ಪುಸ್ತಕಕ್ಕೆ ತಿದ್ದುಪಡಿ ಚೀಟಿನಾ? ಊರೋರ ತಪ್ಪೆಲ್ಲ ತಿದ್ದಿದೋನು ನಾನು! ನಾಲ್ಕು ಸಲ ಕರಡು ನೋಡಿದೀನಿ ಅಕ್ಕ, ಒಂದು ಕೊಂಬು ದೀರ್ಘ ಆಚೀಚೆ ಆಗಿಲ್ಲ."

"ಕೊಂಬು ಸರಿಯಾಗೇ ಇದೆ" ಎಂದಳು ದೊಡ್ಡಮ್ಮ. "ನನ್ನ ನಲವತ್ತು ಬೇಸಿಗೆ ಕಾಣೆಯಾಗಿದೆ, ಅಷ್ಟೆ."

"ಹೋಗಲಿ ಬಿಡು. ಅಮ್ಮನ ಹೆಸರಿಗೆ ಬಂದ್ರೆ ನಿನಗೇನು ನಷ್ಟ? ಭಾನುವಾರ ಬಿಡುಗಡೆಗೆ ಮೂವತ್ತು ಜನ ಬರ್ತಾರೆ. ಆ ಸೌತೆಕಾಯಿ ಮೊಸರು ನೀನೇ ಮಾಡ್ಬೇಕು. ಥೇಟ್ ಅಮ್ಮನ ಕೈರುಚಿ ಇರ್ಬೇಕು, ನೋಡು."

ದೊಡ್ಡಮ್ಮ "ಆಯ್ತಪ್ಪ" ಎಂದಳು. ಅಷ್ಟು ಬೇಗ ಅವಳು ಒಪ್ಪಿದ್ದು ಕಂಡು ನಾನೇ ಹೆದರಿದೆ.

ಭಾನುವಾರ ಬೆಳಿಗ್ಗೆ ಅಡುಗೆಮನೆಯ ಕಿಟಕಿಗೆ ಪುಸ್ತಕ ಒರಗಿಸಿ, ಮೂವತ್ತೊಂದನೇ ಪುಟ ತೆರೆದಿಟ್ಟು, "ನೀನು ಓದು, ನಾನು ಮಾಡ್ತೀನಿ" ಎಂದಳು. ಓದಿದೆ: ಸೌತೆಕಾಯಿ ತುರಿದು, ಹಿಡಿ ಉಪ್ಪು ಬೆರೆಸಿ, ಎರಡು ಗಂಟೆ ಬಿಟ್ಟು, ಮೊಸರಿಗೆ ಹಾಕಿ ಕಲಸಬೇಕು. ಉಪ್ಪು ಬೆರೆತ ತುರಿ ಹೊತ್ತು ಕಳೆದಂತೆ ನೀರು ಬಿಟ್ಟುಕೊಂಡಿತು. ಬೇರೆ ದಿನಗಳಲ್ಲಿ ಅವಳು ಅದನ್ನು ಬಟ್ಟೆಗೆ ಕಟ್ಟಿ, ಕೈಯ ನರ ಉಬ್ಬುವಂತೆ ಹಿಂಡುವಳು. ಹಾಕಿದ ಉಪ್ಪೆಲ್ಲ ಆ ನೀರಿನ ಜೊತೆ ಹೊರಟುಹೋಗುವುದು. ನಾನು ಬಟ್ಟೆ ಚಾಚಿದೆ.

"ಪುಸ್ತಕದಲ್ಲಿ ಬಟ್ಟೆ ಇದೆಯಾ?"

"ಇಲ್ಲ."

"ಹಾಗಾದ್ರೆ ಒಳಗಿಡು."

ಮಧ್ಯಾಹ್ನ ಹಜಾರದಲ್ಲಿ ಮುದ್ರಣಾಲಯದ ಮಾಲೀಕರು ಪುಸ್ತಕ ಬಿಡುಗಡೆ ಮಾಡಿದರು. ಮಾವ ಮೂವತ್ತೊಂದನೇ ಪುಟ ಗಟ್ಟಿಯಾಗಿ ಓದಿ ಕಣ್ಣೊರೆಸಿಕೊಂಡರು. ಎಲ್ಲರ ಕೈಗೂ ಬಟ್ಟಲು ಬಂತು. ಮಾಲೀಕರು ಒಂದು ಚಮಚ ಬಾಯಿಗಿಟ್ಟು, ನುಂಗಲೋ ಬೇಡವೋ ಎಂದು ಒಂದಿಷ್ಟು ಹೊತ್ತು ಯೋಚಿಸಿ, ನುಂಗಿದರು. "ತುಂಬಾ... ತಂಪಾಗಿದೆ" ಎಂದರು.

ಮಾವ ತಮ್ಮ ಬಟ್ಟಲು ನೋಡಿದರು. ಉಪ್ಪುನೀರಿನಲ್ಲಿ ಮೊಸರು ಒಂದು ಕಡೆ, ಸೌತೆಕಾಯಿ ಒಂದು ಕಡೆ, ಜಗಳವಾಡಿದ ದಾಯಾದಿಗಳಂತೆ ತೇಲುತ್ತಿದ್ದವು.

"ಏನಕ್ಕ ಇದು! ಅಮ್ಮ ಹೀಗಾ ಮಾಡ್ತಿದ್ದಿದ್ದು?"

"ಅಮ್ಮ ಮಾಡಿದ್ದಿದ್ರೆ ಹೀಗೇ ಆಗ್ತಿತ್ತು" ಎಂದಳು ದೊಡ್ಡಮ್ಮ. "ನಿನ್ನ ಪುಟದಿಂದ ಒಂದಕ್ಷರ ಆಚೆ ಹೋಗಿಲ್ಲ ನಾನು. ಬೇಕಾದ್ರೆ ಓದಿ ಹೇಳಿದ ಇವಳನ್ನ ಕೇಳು."

ಮೊದಲು ನಕ್ಕವಳು ನನ್ನ ಅಮ್ಮ, ಅವರಿಬ್ಬರ ಕಿರಿಯ ತಂಗಿ. "ಅಮ್ಮ ಅಡುಗೆಮನೆಗೆ ಕಾಲಿಟ್ಟಿದ್ದನ್ನ ಇಲ್ಲಿ ಯಾರಾದ್ರೂ ನೋಡಿದ್ದೀರಾ? ನಾನಂತೂ ನೋಡಿಲ್ಲ."

ಯಾರೂ ನೋಡಿರಲಿಲ್ಲ. ಐದು ಮಕ್ಕಳ ಪೈಕಿ ನಾಲ್ವರಿಗೆ ರುಚಿ ನೆನಪಿತ್ತು, ಬಟ್ಟಲು ನೆನಪಿತ್ತು, ಯಾರಿಗೆ ಒಂದು ಚಮಚ ಹೆಚ್ಚು ಸಿಕ್ಕಿತೆಂಬುದೂ ನೆನಪಿತ್ತು.

"ಇದನ್ನ ಹಿಂಡ್ಬೇಕಿತ್ತು ಅಲ್ವಾ?" ಎಂದು ಮಾಲೀಕರು ಮೆಲ್ಲಗೆ ಕೇಳಿದರು.

"ಹಿಂಡ್ಬೇಕು ಸ್ವಾಮಿ. ಆದ್ರೆ ಇವನಿಗೆ ಹೇಗೆ ಗೊತ್ತಾಗ್ಬೇಕು ಪಾಪ? ಹಿಂಡೋ ಹೊತ್ತಿಗೆ ನಿದ್ದೆ ಮಾಡ್ತಿದ್ದ, ತಿನ್ನೋ ಹೊತ್ತಿಗೆ ಏಳ್ತಿದ್ದ."

ಮಾಲೀಕರು ಬಟ್ಟಲು ಕೆಳಗಿಟ್ಟರು. "ನೂರೇ ಪ್ರತಿ ತಾನೇ? ತಿದ್ದುಪಡಿ ಚೀಟಿ ನಾಳೆ ಅಚ್ಚಾಗತ್ತೆ, ಬರ್ಕೊಡಿ."

ಮಾವ ಇನ್ನೊಂದು ಚಮಚ ತಿಂದು ನೋಡಿದರು. ತಪ್ಪು ಎಲ್ಲಿದೆಯೆಂದು ಹುಡುಕುವ ಅದೇ ಮುಖ. ಆಮೇಲೆ ಜೇಬಿನಿಂದ ಪೆನ್ನು ತೆಗೆದು, ಅಕ್ಕನ ಎದುರು ಕುರ್ಚಿ ಎಳೆದುಕೊಂಡು ಕೂತರು.

"ಹೇಳಕ್ಕ. ಮೊದಲು ಏನು ತಗೋಬೇಕು?"

"ಹನ್ನೆರಡು ವರ್ಷದ ಹುಡುಗಿ ಒಬ್ಳು" ಎಂದಳು ದೊಡ್ಡಮ್ಮ. "ಶಾಲೆ ಬಿಡಿಸಿದ್ದು. ಆಮೇಲೆ ಸೌತೆಕಾಯಿ ನಾಲ್ಕು."

ಪೆನ್ನು ನಿಂತಿತು.

"ಬರ್ಕೊಂಡ್ಯಾ?"

"ಬರ್ಕೊಂಡೆ."

"ಓದು."

ಮಾವ ಕನ್ನಡಕ ಸರಿಮಾಡಿಕೊಂಡು, ಮೂವತ್ತು ಜನರೆದುರು ಗಟ್ಟಿಯಾಗಿ ಓದಿದರು. ಒಂದು ತಪ್ಪೂ ಇರಲಿಲ್ಲ.